ಗಾಳಿಗೆ ಬಿಟ್ಟ ಮಕ್ಕಳು

ನಮ್ಮ ಸೀಮೆಯಲ್ಲಿ ಹುಟ್ಟಿದ ಕೂಸಿಗೆ ಗಾಳಿಯ ಮೊದಲ ಪರಿಚಯವಾಗುವುದು ವೈರಿಯಾಗಿ. ಬಾಣಂತಿ ಕೋಣೆಯ ಕಿಟಕಿ ತೆರೆಯುವುದಿಲ್ಲ. ತಾಯಿಯ ಕಿವಿಗೆ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ಕೂಸಿಗೆ ಎರೆದು, ಲೋಬಾನದ ಹೊಗೆ ಹಿಡಿದು, ಕುಲಾವಿ ಕಟ್ಟಿ ಮಲಗಿಸುತ್ತಾರೆ. ಹೊತ್ತು ಮುಳುಗಿದ ಮೇಲೆ ಅದನ್ನು ಅಂಗಳಕ್ಕೆ ತಂದರೆ ಅಜ್ಜಿಯರು ಗದರುತ್ತಾರೆ: ಗಾಳಿ ಸೋಕೀತು. ಆ ಮಾತಿನಲ್ಲಿ ನೆಗಡಿ ತರುವ ಗಾಳಿಯೂ ಇರುತ್ತದೆ, ಹುಣಸೆ ಮರದಿಂದ ಇಳಿದು ಬರುವ ಇನ್ನೊಂದು ಗಾಳಿಯೂ ಇರುತ್ತದೆ. ಎರಡಕ್ಕೂ ಮದ್ದು ಒಂದೇ, ಕುಲಾವಿಯ ದಾರವನ್ನು ಇನ್ನಷ್ಟು ಬಿಗಿಯುವುದು.

ಆದರೆ ಕೂಸಿನ ಅಭಿಪ್ರಾಯ ಬೇರೆಯೇ ಇರುತ್ತದೆ. ನನ್ನ ಮಗಳನ್ನು ಮೊದಲ ಸಲ ಪಡಸಾಲೆಯಿಂದ ಹೊರಗಿನ ಕಟ್ಟೆಗೆ ಎತ್ತಿಕೊಂಡು ಬಂದಾಗ ಶ್ರಾವಣದ ಗಾಳಿ ನೇರವಾಗಿ ಮುಖಕ್ಕೆ ಬಡಿಯಿತು. ಅವಳು ಒಂದು ಕ್ಷಣ ಉಸಿರು ಹಿಡಿದಳು, ಕಣ್ಣು ಮಿಟುಕಿಸಿದಳು, ತುಟಿ ತೆರೆದಳು. ಆಮೇಲೆ ಎರಡೂ ಕೈ ಎರಡೂ ಕಾಲು ಒಟ್ಟಿಗೆ ಬಡಿಯತೊಡಗಿದಳು. ಕಾಣದ ಯಾರೋ ಎದುರು ನಿಂತು ಮಾತಾಡಿಸಿದ್ದಾರೆ ಎಂಬ ಖಾತರಿ ಅವಳ ಮುಖದಲ್ಲಿತ್ತು. ಆ ಗುರುತು ಸಿಕ್ಕ ಮೇಲೆ ಮಕ್ಕಳು ಗಾಳಿಯನ್ನು ಬಿಡುವುದಿಲ್ಲ, ನಾವು ಬಿಡಿಸುವವರೆಗೆ.

ನಾನು ಬೆಳೆದದ್ದು ಗದಗ ಮತ್ತು ಮುಂಡರಗಿಯ ನಡುವಿನ ಒಂದು ಹಳ್ಳಿಯಲ್ಲಿ. ಎರೆ ನೆಲ, ಕಣ್ಣು ಹಾಯುವಷ್ಟು ದೂರ ಹೊಲ, ಬದುವಿಗೊಂದು ಬೇವು ಅಥವಾ ಜಾಲಿ, ಒಂದು ದಿಕ್ಕಿಗೆ ಕಪ್ಪತಗುಡ್ಡದ ಸಾಲು. ಇಂಥ ಕಡೆ ಗಾಳಿಗೆ ತಡೆಯೇ ಇಲ್ಲ. ಮಳೆ ನಮ್ಮನ್ನು ಕೈಬಿಟ್ಟ ವರ್ಷಗಳಿದ್ದವು, ಗಾಳಿ ಕೈಬಿಟ್ಟ ವರ್ಷ ಒಂದೂ ಇಲ್ಲ. ದೊಡ್ಡವರು ತಿಂಗಳುಗಳನ್ನು ಪಂಚಾಂಗದಲ್ಲಿ ನೋಡುತ್ತಿದ್ದರು. ನಮಗೆ ಅದು ಮೈಗೆ ತಾಗುತ್ತಿತ್ತು.

ಬೇಸಿಗೆಯ ಗಾಳಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಶಾಲೆಗೆ ರಜೆ ಬಿದ್ದು ನಾವು ಇಡೀ ದಿನ ಅದರ ಕೈಗೆ ಸಿಗುತ್ತಿದ್ದದ್ದು ಆಗಲೇ. ಜೋಳ ಕಿತ್ತು, ಕಡಲೆ ಕಿತ್ತು, ಹೊಲವೆಲ್ಲ ಬೋಳಾಗಿ ಎರೆ ನೆಲ ಬಾಯಿ ಬಿಟ್ಟಿರುತ್ತಿತ್ತು. ನಡುಮಧ್ಯಾಹ್ನ ಊರು ಮಲಗಿದಾಗ ಬಯಲಿನಲ್ಲಿ ಸುಳಿಗಾಳಿ ಏಳುತ್ತಿತ್ತು. ಮೊದಲು ಒಂದೆರಡು ಒಣ ರವದಿ ತಾವಾಗಿಯೇ ಎದ್ದು ನಿಲ್ಲುತ್ತವೆ, ಆಮೇಲೆ ಅವುಗಳ ಸುತ್ತ ದೂಳು ತಿರುಗುತ್ತದೆ, ನೋಡನೋಡುತ್ತ ಬೇವಿನ ಮರಕ್ಕಿಂತ ಎತ್ತರದ ಕಂಬವೊಂದು ನಡೆದು ಬರುತ್ತದೆ. ಅದರೊಳಗೆ ದೆವ್ವವಿದೆ, ಎದುರಾದರೆ ಚಪ್ಪಲಿ ಎಸೆದು ದೂರ ಸರಿಯಬೇಕು ಎಂದು ಹಿರಿಯರು ಹೇಳುತ್ತಿದ್ದರು. ನಾವು ಚಪ್ಪಲಿಯನ್ನು ಬದುವಿನಲ್ಲಿ ಬಿಟ್ಟು ಅದರ ನಡುವಿಗೆ ಓಡುತ್ತಿದ್ದೆವು. ಮೀನಖಂಡಕ್ಕೆ ಮರಳು ಚುಚ್ಚುತ್ತದೆ, ಲಂಗ ಮೇಲೇಳುತ್ತದೆ, ಕಿವಿಯಲ್ಲಿ ಭರ್ರೆಂಬ ಸದ್ದು. ಕಣ್ಣು ಬಿಡುವಷ್ಟರಲ್ಲಿ ಅದು ಮುಂದಿನ ಹೊಲದಲ್ಲಿರುತ್ತದೆ.

ಸುಳಿಗಾಳಿಗೆ ಮೋಡ ಬೇಡ, ಮಳೆ ಬೇಡ. ಸುಟ್ಟ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಹಗುರಾದ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸುತ್ತಲಿನಿಂದ ನುಗ್ಗಿ ಬರುವ ಗಾಳಿ ಸುತ್ತಿಕೊಳ್ಳುತ್ತದೆ, ಅಷ್ಟೇ. ಕಪ್ಪು ಮಣ್ಣು ಬಿಸಿಲನ್ನು ಹೆಚ್ಚು ಹೀರುವುದರಿಂದ ನಮ್ಮ ಹೊಲಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಂಗಾಳ ಕೊಲ್ಲಿಯ ಚಂಡಮಾರುತ ಯಾವಾಗಲೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ತಿರುಗುತ್ತದೆ. ಈ ಪುಟ್ಟ ಸುಳಿಗೆ ಅಂಥ ಕಟ್ಟಳೆಯಿಲ್ಲ, ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಕಾಲೇಜಿಗೆ ಹೋದ ಮೇಲೆ. ನಮ್ಮ ಓಣಿಯ ಹುಡುಗರು ಅದಕ್ಕೆ ಮೊದಲೇ ಬಾಜಿ ಕಟ್ಟುತ್ತಿದ್ದರು, ಈಗ ಬರುವುದು ಎಡಸುಳಿಯೋ ಬಲಸುಳಿಯೋ ಎಂದು.

ವೈಶಾಖದ ಸಂಜೆಗಳಿಗೆ ಇನ್ನೊಂದು ಗಾಳಿ. ದಿನವಿಡೀ ಎಲೆ ಅಲುಗುವುದಿಲ್ಲ, ಮೈ ಅಂಟುತ್ತದೆ, ದನಗಳು ಅಸಹನೆಯಿಂದ ಕಾಲು ಬದಲಿಸುತ್ತವೆ. ನಾಲ್ಕು ಗಂಟೆಯ ಹೊತ್ತಿಗೆ ಒಂದು ದಿಕ್ಕು ಕಪ್ಪಾಗುತ್ತದೆ. ಮಳೆ ಇನ್ನೂ ಎರಡು ಹರದಾರಿ ಆಚೆ ಇರುವಾಗಲೇ ತಣ್ಣನೆಯ ಗಾಳಿಯ ಗೋಡೆ ಬಂದು ಊರಿಗೆ ಬಡಿಯುತ್ತದೆ, ತೊಯ್ದ ಮಣ್ಣಿನ ವಾಸನೆಯನ್ನು ಹೊತ್ತುಕೊಂಡು. ಬೀಳುವ ಮಳೆ ಒಣ ಗಾಳಿಯಲ್ಲಿ ಆವಿಯಾಗುತ್ತ ಅದನ್ನು ತಂಪು ಮಾಡುತ್ತದೆ, ತಂಪಾಗಿ ಭಾರವಾದ ಗಾಳಿ ಕೆಳಗೆ ಕುಸಿದು ನೆಲದುದ್ದಕ್ಕೂ ಹರಡುತ್ತದೆ. ಮಳೆಗಿಂತ ಮುಂದೆ ಓಡಿ ಬರುವುದು ಅದೇ. ಆಗ ಹೆಂಗಸರು ಒಣಹಾಕಿದ ಶಾವಿಗೆ, ಸಂಡಿಗೆಗೆ ಓಡುತ್ತಿದ್ದರು, ಗಂಡಸರು ತಗಡಿನ ಮೇಲೆ ಕಲ್ಲು ಹೇರುತ್ತಿದ್ದರು, ನಾವು ಊರ ಮುಂದಿನ ಮಾವಿನ ಗಿಡಕ್ಕೆ. ಆ ಗಾಳಿ ಉದುರಿಸಿದ ಕಾಯಿಗೆ ಮಾಲೀಕರಿಲ್ಲ ಎಂಬುದು ಊರು ಒಪ್ಪಿದ ನ್ಯಾಯ. ಸಿಡಿಲಿನ ಹೊತ್ತಿನಲ್ಲಿ ಮರದ ಕೆಳಗೆ ನಿಲ್ಲುವುದು ಎಷ್ಟು ಅಪಾಯ ಎಂಬುದನ್ನು ನನ್ನ ಮಗಳಿಗೆ ನಾನು ಒತ್ತಿ ಒತ್ತಿ ಹೇಳಿದ್ದೇನೆ. ನಮಗೆ ಯಾರೂ ಹೇಳಿರಲಿಲ್ಲ.

ಜೂನ್ ಮೊದಲ ವಾರಗಳಲ್ಲಿ, ಕಾರಹುಣ್ಣಿಮೆಯ ಆಸುಪಾಸು, ಗಾಳಿ ಪಡುವಣಕ್ಕೆ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಬೇಸಿಗೆಯ ಗಾಳಿ ಬರುತ್ತದೆ, ಹೋಗುತ್ತದೆ. ಇದು ಬಂದರೆ ತಿಂಗಳುಗಟ್ಟಲೆ ಇರುತ್ತದೆ. ಮೊದಲ ಗುರುತು ಆಕಾಶದಲ್ಲಿ. ಬಿಳಿ ಬೂದು ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ದಂಡು ಕಟ್ಟಿ ಓಡುತ್ತವೆ, ಅವುಗಳ ನೆರಳು ಹೊಸದಾಗಿ ಹರಗಿದ ಹೊಲದ ಮೇಲೆ ಓಡುತ್ತದೆ. ಆ ನೆರಳಿನ ಜೊತೆ ಓಡುವುದು ನಮ್ಮ ಆಟ. ನೆರಳಿನ ಅಂಚು ಬಂದು ಕಾಲಿಗೆ ತಾಗಿದ ಕೂಡಲೇ ಓಡಬೇಕು, ಬಿಸಿಲು ಹಿಂದಿನಿಂದ ಬಂದು ಹಿಡಿಯುವವರೆಗೆ ನೆರಳಿನೊಳಗೇ ಇರಬೇಕು. ಯಾರೂ ಗೆಲ್ಲುತ್ತಿರಲಿಲ್ಲ. ಆಷಾಢದ ಮೋಡವನ್ನು ಓಟದಲ್ಲಿ ಗೆದ್ದ ಮಗು ಈ ಭೂಮಿಯ ಮೇಲೆ ಹುಟ್ಟಿಲ್ಲ.

ಆ ಮೋಡಗಳು ನಮ್ಮಲ್ಲಿ ಸುರಿಯುತ್ತಿರಲಿಲ್ಲ ಎಂಬುದೇ ದೊಡ್ಡವರ ಸಂಕಟ. ಅರಬ್ಬೀ ಸಮುದ್ರದಿಂದ ಬರುವ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತನ್ನ ನೀರನ್ನು ಅಲ್ಲೇ ಸುರಿಸುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಗದಗಿಗೆ ಸುಮಾರು 600. ಘಟ್ಟ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಗಾಳಿಯ ಕೈ ಬರಿದು, ಕಾಲಿನ ವೇಗ ಮಾತ್ರ ಉಳಿದಿರುತ್ತದೆ. ಮಲೆನಾಡಿನ ಮಕ್ಕಳು ಈ ತಿಂಗಳುಗಳಲ್ಲಿ ಗಾಳಿಯನ್ನು ಮಳೆಯಿಂದ ಬೇರೆ ಮಾಡಿ ನೋಡಲಾರರು. ಅವರ ಪಾಲಿಗೆ ಅದು ಉಲ್ಟಾ ಆಗುವ ಛತ್ರಿ, ಇರುಚಲು ಹೊಡೆಯುವ ಜಗಲಿ, ಒಣಗದ ಸಮವಸ್ತ್ರ. ಕರಾವಳಿಯಲ್ಲಿ ಇದೇ ಗಾಳಿಗೆ ಮತ್ತೊಂದು ಮುಖ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಾರರ ಎಷ್ಟೋ ಮಕ್ಕಳಿಗೆ ಕಡಲು ಬೊಬ್ಬಿಡುವ ಆ ಎರಡು ತಿಂಗಳು ಅಪ್ಪ ಮನೆಯಲ್ಲಿದ್ದು ಬಲೆ ಹೆಣೆಯುವ ಕಾಲ. ಒಂದೇ ಗಾಳಿ, ಕೆಲವು ನೂರು ಕಿಲೋಮೀಟರುಗಳ ಒಳಗೆ, ಮೂರು ಬಗೆಯ ಬಾಲ್ಯಗಳನ್ನು ಕಟ್ಟಿಕೊಡುತ್ತದೆ. ನನಗೆ ಇದು ಯಾವಾಗಲೂ ಬೆರಗು ಹುಟ್ಟಿಸಿದೆ.

ನಮ್ಮದು ಒಣ ಗಾಳಿಯ ಬಾಲ್ಯ. ಆಷಾಢದಲ್ಲಿ ಬಾಗಿಲುಗಳು ತಾವೇ ಬಡಿದುಕೊಳ್ಳುತ್ತಿದ್ದವು. ಅಂಗಳದಲ್ಲಿ ರಂಗೋಲಿ ನಿಲ್ಲುತ್ತಿರಲಿಲ್ಲ. ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಗೆ ಹೋಗದೆ ಒಳಗೇ ತಿರುಗಿ ಅವ್ವನ ಕಣ್ಣು ಕೆಂಪಾಗುತ್ತಿತ್ತು. ಶಾಲೆ ಊರಿನ ಪಡುವಣಕ್ಕಿತ್ತು. ಹೋಗುವಾಗ ತಲೆ ತಗ್ಗಿಸಿ ಎದೆಗೆ ಪಾಟಿಚೀಲ ಅವುಚಿಕೊಂಡು ಗಾಳಿಯನ್ನು ದೂಡುತ್ತ ನಡೆಯಬೇಕು, ಬರುವಾಗ ಅದೇ ನಮ್ಮನ್ನು ದೂಡಿಕೊಂಡು ಬರುತ್ತದೆ. ಸೈಕಲ್ ಇದ್ದ ಹುಡುಗರು ಸಂಜೆ ಪೆಡಲ್ ಮೇಲಿಂದ ಕಾಲೆತ್ತಿ, ಅಂಗಿಯ ಗುಂಡಿ ಬಿಚ್ಚಿ ಎರಡೂ ತುದಿ ಅಗಲಿಸಿ ಹಿಡಿದು, ಕೈ ಬಿಟ್ಟು ಊರು ಸೇರುತ್ತಿದ್ದರು. ಬಯಲಿನಲ್ಲಿ ಗಾಳಿಗೆ ಎದುರಾಗಿ ನಿಂತು ನಿಧಾನವಾಗಿ ಮುಂದಕ್ಕೆ ವಾಲುವ ಆಟವೊಂದಿತ್ತು. ಬೀಳದೆ ಎಷ್ಟು ವಾಲಬಹುದು ಎಂಬುದು ಪಂಥ. ಗಾಳಿ ಒಂದು ಕ್ಷಣ ಕೈಕೊಟ್ಟರೆ ಮೂಗು ನೆಲಕ್ಕೆ.

ಗಾಳಿಪಟದ ಕಾಲವೂ ಇದೇ. ಟಿವಿ ನೋಡಿ ಬೆಳೆಯುವ ಈಗಿನ ಮಕ್ಕಳು ಗಾಳಿಪಟ ಎಂದರೆ ಸಂಕ್ರಾಂತಿ ಎನ್ನುತ್ತಾರೆ. ಅದು ಗುಜರಾತಿನ ಉತ್ತರಾಯಣದ ಪದ್ಧತಿ. ಅಲ್ಲಿಯ ಜನವರಿ ಅಲ್ಲಿಯವರಿಗೆ ಚಂದ. ನಮ್ಮ ಬಯಲುಸೀಮೆಯ ಮಕ್ಕಳು ಪಟ ಹಾರಿಸುತ್ತ ಬಂದದ್ದು ಆಷಾಢದಲ್ಲಿ, ಏಕೆಂದರೆ ನಮ್ಮ ಗಾಳಿ ಮೈದುಂಬಿ ಬೀಸುವುದು ಆಗ. ದೊಡ್ಡಬಳ್ಳಾಪುರದ ಕಡೆ ಆಷಾಢ ಏಕಾದಶಿಯ ಹೊತ್ತಿಗೆ ಪಟ ಹಾರಿಸುವುದು ಇಂದಿಗೂ ಹಬ್ಬವೇ, ಅಲ್ಲಿ ಆಳೆತ್ತರದ ಪಟಗಳು ಏಳುತ್ತವೆ. ನಮ್ಮೂರಿನ ಪಟ ಇಷ್ಟು ದೊಡ್ಡದಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ಮಣ್ಣಿನ ಎತ್ತುಗಳನ್ನು ನೀರಿಗೆ ಬಿಟ್ಟ ಮರುದಿನವೇ ಹುಡುಗರು ಹಳೆಯ ಪತ್ರಿಕೆ ಹುಡುಕುತ್ತಿದ್ದರು. ಕಸಬರಿಗೆಯ ಎರಡು ಕಡ್ಡಿ, ಒಂದು ನೆಟ್ಟಗೆ, ಒಂದು ಬಿಲ್ಲಿನ ಆಕಾರಕ್ಕೆ ಬಾಗಿಸಿ. ಅಂಟಿಗೆ ಅನ್ನದ ಅಗುಳು. ದಾರಕ್ಕೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಿ ಗಂಟು ಹಾಕುತ್ತ ಹೋಗುವುದು. ಬಾಲಂಗೋಚಿಗೆ ಹಳೆಯ ಸೀರೆಯ ಅಂಚು.

ಬಾಲಂಗೋಚಿಯಲ್ಲೇ ಎಲ್ಲ ಗುಟ್ಟು ಇರುವುದು. ಅದು ಗಿಡ್ಡವಾದರೆ ಪಟ ಗಿರಕಿ ಹೊಡೆದು ಗೋತಾ ಬೀಳುತ್ತದೆ, ಉದ್ದವಾದರೆ ಏಳುವುದೇ ಇಲ್ಲ. ಗಾಳಿ ಜೋರಿದ್ದ ದಿನ ಒಂದು ಗೇಣು ಸೇರಿಸಬೇಕು, ಮೆಲ್ಲಗಿದ್ದ ದಿನ ಒಂದು ಗೇಣು ಹರಿಯಬೇಕು. ಸೂತ್ರದ ಗಂಟನ್ನು ಕೂಡ ಜೋರು ಗಾಳಿಗೆ ತುಸು ಮೇಲಕ್ಕೆ ಸರಿಸಬೇಕು, ಆಗ ಪಟ ಗಾಳಿಗೆ ಎದೆಯೊಡ್ಡುವ ಬದಲು ಸ್ವಲ್ಪ ಮಲಗುತ್ತದೆ. ಏಳನೆಯ ತರಗತಿಯಲ್ಲಿ ಎರಡು ಸಲ ನಪಾಸಾದ ಹುಡುಗನೊಬ್ಬ ನಮ್ಮ ಓಣಿಯಲ್ಲಿದ್ದ. ಬೆಳಿಗ್ಗೆ ಎದ್ದು ಬೇವಿನ ತುದಿಯನ್ನೊಮ್ಮೆ ನೋಡಿ ಆ ದಿನದ ಬಾಲಂಗೋಚಿಯ ಉದ್ದ ಹೇಳುತ್ತಿದ್ದ. ಅವನ ಮಾತು ತಪ್ಪುತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದನ್ನು ವಿದ್ಯೆ ಎಂದು ಕರೆಯಲು ಶಾಲೆಯಲ್ಲಿ ಯಾರಿಗೂ ತೋಚಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ಪಟ ನೆಲೆ ನಿಂತ ಮೇಲೆ ಅದಕ್ಕೆ ಕಾಗದ ಕಳಿಸುವುದು. ಅಂಗೈಯಷ್ಟು ಕಾಗದದ ನಡುವೆ ತೂತು ಮಾಡಿ ದಾರಕ್ಕೆ ಪೋಣಿಸಿದರೆ ಗಾಳಿ ಅದನ್ನು ನೂಕುತ್ತ, ದಾರದುದ್ದಕ್ಕೂ ಏರಿಸುತ್ತ, ಪಟದವರೆಗೆ ಮುಟ್ಟಿಸುತ್ತದೆ. ಅದರಲ್ಲಿ ಏನೇನೋ ಬರೆಯುತ್ತಿದ್ದರು. ಮಳೆ ಬರಲಿ, ಪರೀಕ್ಷೆ ಬೇಡ, ದುಡಿಯಲು ಗೋವೆಗೆ ಹೋದ ಅಪ್ಪ ದೀಪಾವಳಿಗೆ ಬರಲಿ. ಕೊನೆಯದನ್ನು ಬರೆಯುತ್ತಿದ್ದವನು ಅದನ್ನು ಯಾರಿಗೂ ಓದಲು ಕೊಡುತ್ತಿರಲಿಲ್ಲ, ಆದರೂ ನಮಗೆಲ್ಲ ಗೊತ್ತಿತ್ತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಗಾಳಿಪಟ ಹುಡುಗರದಾಗಿತ್ತು. ಹುಡುಗಿಯರಿಗೆ ಸಿಗುತ್ತಿದ್ದದ್ದು ದಾರದ ಉಂಡೆ ಹಿಡಿದು ನಿಲ್ಲುವ ಕೆಲಸ, ಹರಿದ ಪಟಕ್ಕೆ ತೇಪೆ ಹಚ್ಚುವ ಕೆಲಸ. ಒಮ್ಮೆ ದೊಡ್ಡಪ್ಪನ ಮಗ ನೀರು ಕುಡಿಯಲು ಹೋಗುವಾಗ ದಾರವನ್ನು ನನ್ನ ಕೈಗೆ ಕೊಟ್ಟ. ಆ ಜಗ್ಗು! ಅಷ್ಟು ಎತ್ತರದಲ್ಲಿ, ಕಣ್ಣಿಗೆ ಅಂಚೆಚೀಟಿಯಷ್ಟು ಕಾಣುವ ಕಾಗದ, ನನ್ನ ತೋರುಬೆರಳನ್ನು ಕೊಯ್ಯುವ ಹಾಗೆ ಎಳೆಯುತ್ತಿತ್ತು. ದಾರದಲ್ಲಿ ಸಣ್ಣ ನಡುಕವೊಂದು ಇಳಿದು ಬಂದು ಮೊಣಕೈಯವರೆಗೆ ಹರಡಿತು. ನೆಲದ ಮೇಲಿನ ಗಾಳಿ ಬಿಟ್ಟು ಬಿಟ್ಟು ಬೀಸುತ್ತಿದ್ದರೂ ಮೇಲಿನದು ಒಂದೇ ಸಮನೆ ಹರಿಯುತ್ತಿದೆ ಎಂದು ಬೆರಳಿಗೆ ತಿಳಿಯಿತು. ಗಾಳಿಗೆ ತೂಕವಿದೆ, ಗಾಳಿಗೆ ಮಹಡಿಗಳಿವೆ ಎಂಬುದನ್ನು ನಾನು ಕಲಿತದ್ದು ಆ ಒಂದಿಷ್ಟು ಹೊತ್ತಿನಲ್ಲಿ. ಅವನು ಮರಳಿ ಬಂದು ದಾರ ಕಸಿದುಕೊಂಡಾಗ ಬಂದ ಅಳು ಇಂದಿಗೂ ಗಂಟಲಲ್ಲಿದೆ. ಊರಿನ ಅರ್ಧದಷ್ಟು ಮಕ್ಕಳಿಗೆ ಆ ಜಗ್ಗು ಸಿಗದೇ ಹೋಯಿತು.

ಆ ಗಾಳಿ ಎಲ್ಲಿಂದ ಬಂದದ್ದು ಎಂದು ಮಗಳು ಕೇಳಿದಾಗ ನಾನು ಭೂಗೋಳ ತಂದು ತೋರಿಸುತ್ತೇನೆ. ದಕ್ಷಿಣಾರ್ಧಗೋಳದಲ್ಲಿ, ಮಡಗಾಸ್ಕರ್ ಆಚೆಯ ಹಿಂದೂ ಮಹಾಸಾಗರದಲ್ಲಿ ಹೊರಟದ್ದು. ಆಫ್ರಿಕಾದ ಪೂರ್ವ ತೀರಕ್ಕೆ ಬಂದು, ಕೀನ್ಯಾ ಬಳಿ ಸಮಭಾಜಕ ದಾಟಿ, ಸೊಮಾಲಿಯಾ ದಂಡೆಯಿಂದ ಬಲಕ್ಕೆ ತಿರುಗಿ ಅರಬ್ಬೀ ಸಮುದ್ರದ ಮೇಲೆ ಓಡಿ ಬರುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ವೇಗ ಅತಿ ಹೆಚ್ಚು. 1969ರಲ್ಲಿ ಈ ಹೊನಲನ್ನು ವಿವರವಾಗಿ ಗುರುತಿಸಿದವರು ಬ್ರಿಟಿಷ್ ಹವಾಮಾನ ತಜ್ಞ ಫಿಂಡ್ಲೇಟರ್. ಜುಲೈನಲ್ಲಿ ಅದು ನಮ್ಮ ಪರ್ಯಾಯ ದ್ವೀಪದ ನೆತ್ತಿಯ ಮೇಲೇ ಹಾದು ಹೋಗುತ್ತದೆ. ಮಗಳು ಬೆರಳಿನಿಂದ ಆ ದಾರಿಯನ್ನು ಗೀರಿ, ಗದಗ ಇರಬೇಕಾದ ಜಾಗದಲ್ಲಿ ಬೆರಳು ನಿಲ್ಲಿಸಿ, ಹಾಗಾದರೆ ನಮ್ಮ ಪಟಕ್ಕೆ ಆಫ್ರಿಕಾದ ಗಾಳಿ ತಾಗಿದೆಯೇ ಎಂದಳು. ತಾಗಿದೆ ಎಂದೆ. ಶಾಲೆಯಲ್ಲಿ ಅದನ್ನು ಹೇಳಿಯೂ ಬಂದಳಂತೆ.

ಪಂಚಮಿಗೆ ಹುಡುಗಿಯರ ಗಾಳಿ ಬರುತ್ತಿತ್ತು. ಶ್ರಾವಣದ ನಾಗರ ಪಂಚಮಿ ನಮ್ಮ ಕಡೆ ಜೋಕಾಲಿಯ ಹಬ್ಬ. ಬೇವಿನ ಮರಕ್ಕೆ, ಹುಣಸೆ ಮರಕ್ಕೆ, ಮನೆಯ ತೊಲೆಗೆ ಹಗ್ಗ ಬೀಳುತ್ತಿತ್ತು. ಬೀಸುವ ಗಾಳಿಗೆ ಕಾಯಬೇಕಿಲ್ಲ, ಇಲ್ಲಿ ನಮ್ಮ ಗಾಳಿಯನ್ನು ನಾವೇ ಹುಟ್ಟಿಸಿಕೊಳ್ಳುತ್ತಿದ್ದೆವು. ಇಬ್ಬರು ಎದುರುಬದುರು ನಿಂತು ಮೊಣಕಾಲು ಮಡಚಿ ಜೀಕುತ್ತ ಹೋದರೆ ಮೇಲಿನ ಟೊಂಗೆಯ ಎಲೆಗೆ ಕಾಲು ತಾಗುತ್ತದೆ. ಮೇಲೇರುವಾಗ ಎದುರುಗಾಳಿ ಲಂಗವನ್ನು ಮೈಗೆ ಒತ್ತುತ್ತದೆ, ಹಿಂದಿರುಗುವಾಗ ಅದೇ ಲಂಗ ತುಂಬಿಕೊಂಡು ಹರಡುತ್ತದೆ, ಆ ಎರಡರ ನಡುವೆ, ತುತ್ತತುದಿಯಲ್ಲಿ, ಗಾಳಿಯೇ ಇಲ್ಲದ ಒಂದು ಗಳಿಗೆ. ತವರಿಗೆ ಬಂದ ಹೆಣ್ಣುಮಕ್ಕಳು, ಸೊಸೆಯಂದಿರು, ಅಜ್ಜಿಯರೂ ಆ ದಿನ ಜೀಕುತ್ತಿದ್ದರು. ನನ್ನ ಅಜ್ಜಿ, ಕೂಸುಗಳಿಗೆ ಕುಲಾವಿ ಬಿಗಿಯುತ್ತಿದ್ದ ಅದೇ ಅಜ್ಜಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಜೀಕುವುದನ್ನು ನಾನು ನೋಡಿದ್ದೇನೆ.

ದಸರೆಯ ಹೊತ್ತಿಗೆ ಪಡುವಣ ಗಾಳಿ ಸೋಲುತ್ತದೆ. ಕೆಲವು ವಾರ ಯಾವ ದಿಕ್ಕಿನ ಗಾಳಿಯೂ ಇಲ್ಲ. ದೀಪಾವಳಿಯ ಹಣತೆಗಳನ್ನು ಎಲ್ಲಿಟ್ಟರೆ ಆರುವುದಿಲ್ಲ ಎಂದು ಮಕ್ಕಳು ಮನೆಯ ಮೂಲೆ ಮೂಲೆಯನ್ನು ಪರೀಕ್ಷಿಸುತ್ತಾರೆ. ಯಾವ ಸಂದಿಯಿಂದ ಗಾಳಿ ನುಸುಳುತ್ತದೆ ಎಂದು ಅಂಥ ಮನೆಯಲ್ಲಿ ಮಕ್ಕಳಿಗಷ್ಟೇ ಗೊತ್ತಿರುತ್ತದೆ.

ಆಮೇಲೆ ಮೂಡಗಾಳಿ. ಅದಕ್ಕೆ ಆಷಾಢದ ಅಬ್ಬರವಿಲ್ಲ, ಆದರೆ ಹಲ್ಲಿದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಕೆನ್ನೆಗೆ ಬಿಳಿ ಬೂದಿ ಬಳಿದಂತಾಗುತ್ತದೆ. ರಾತ್ರಿ ಅವ್ವ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚುತ್ತಿದ್ದಳು. ಎಳ್ಳಮಾಸಿಗೆ ಚಕ್ಕಡಿ ಕಟ್ಟಿ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಬಿಳಿಜೋಳ ನಮ್ಮ ತಲೆಗಿಂತ ಎತ್ತರ ನಿಂತಿರುತ್ತಿತ್ತು. ಅದರ ಸಾಲಿನೊಳಗೆ ಕೂತರೆ ಚಳಿ ತಾಗುವುದಿಲ್ಲ, ಗಾಳಿ ತಾಗುವುದಿಲ್ಲ. ಎಲೆಗೆ ಎಲೆ ಉಜ್ಜುವ ಸದ್ದು ಮಾತ್ರ ಒಂದು ಕಡೆಯಿಂದ ಹೊರಟು ನಮ್ಮ ನೆತ್ತಿಯ ಮೇಲೆ ಹಾದು ಇನ್ನೊಂದು ಬದುವಿನವರೆಗೆ ಹೋಗುತ್ತದೆ. ಅಷ್ಟು ದೊಡ್ಡ ಗಾಳಿಯನ್ನು ಮೈಗೆ ತಾಗಿಸಿಕೊಳ್ಳದೆ ಬರೀ ಕಿವಿಯಿಂದ ಕೇಳಲು ಸಾಧ್ಯವಾಗುವುದು ಜೋಳದ ಹೊಲದಲ್ಲಿ ಮಾತ್ರ.

ಆ ಜೋಳ ಕಣಕ್ಕೆ ಬಂದಾಗ ಮಕ್ಕಳಿಗೆ ಗಾಳಿ ಕಾಯುವ ಕೆಲಸ. ಹಂತಿ ಕಟ್ಟಿ ಎತ್ತುಗಳಿಂದ ತುಳಿಸಿದ ಮೇಲೆ ಕಾಳು ಹೊಟ್ಟು ಬೆರೆತ ರಾಶಿಯನ್ನು ತೂರಬೇಕು. ಅದಕ್ಕೆ ಹದವಾದ ಗಾಳಿ ಬೇಕು. ಜೋರಾದರೆ ಕಾಳೂ ಹಾರಿಹೋಗುತ್ತದೆ, ಸತ್ತರೆ ಹೊಟ್ಟು ಕಾಲ ಬುಡಕ್ಕೇ ಬೀಳುತ್ತದೆ. ನಾವು ಕಣದ ಅಂಚಿಗೆ ಕೂತು ಹಿಡಿ ದೂಳನ್ನು ಎತ್ತಿ ಸಣ್ಣಗೆ ಬಿಡುತ್ತ ದಿಕ್ಕು ಹೇಳುತ್ತಿದ್ದೆವು. ಬಂತು ಎಂದು ಕೂಗಿದರೆ ಮಲಗಿದ್ದ ಅಪ್ಪ ಎದ್ದು ಮೆಟ್ಟಿನ ಮೇಲೆ ನಿಂತು ಮೊರ ಎತ್ತುತ್ತಿದ್ದ. ಮೊರದ ತುದಿಯಿಂದ ಧಾರೆಯಾಗಿ ಇಳಿದದ್ದು ಅರ್ಧ ದಾರಿಯಲ್ಲೇ ಎರಡಾಗುತ್ತದೆ. ಗಟ್ಟಿ ಕಾಳು ನೆಟ್ಟಗೆ ಕೆಳಕ್ಕೆ, ಜೊಳ್ಳು ಒಂದು ಮಾರು ಆಚೆ, ಹೊಟ್ಟು ಇನ್ನೂ ಆಚೆ. ಕೆಲವೊಮ್ಮೆ ಹದ ಗಾಳಿ ಬರುವುದು ನಡುರಾತ್ರಿ, ಆಗ ಮಕ್ಕಳನ್ನೂ ಎಬ್ಬಿಸುತ್ತಿದ್ದರು. ದೊಡ್ಡವರು ನಮ್ಮ ಮಾತನ್ನು ನಂಬಿ ಕೆಲಸಕ್ಕೆ ಇಳಿಯುತ್ತಿದ್ದ ಜಾಗ ಅದೊಂದೇ. ಈಗ ರಾಶಿ ಯಂತ್ರ ಬಂದು ಒಂದು ತಾಸಿನಲ್ಲಿ ಎಲ್ಲ ಮುಗಿಸಿ ಹೋಗುತ್ತದೆ. ಅಪ್ಪನ ಬೆನ್ನು ಉಳಿಯಿತು, ಅದಕ್ಕೆ ನನಗೆ ಸಂತೋಷವೇ. ಕಣ ಮಾತ್ರ ಊರಲ್ಲಿ ಒಂದೂ ಉಳಿದಿಲ್ಲ.

ನಾನು ಈಗ ಇರುವುದು ಹುಬ್ಬಳ್ಳಿಯಲ್ಲಿ. ಇಲ್ಲಿಯೂ ಜುಲೈ ಗಾಳಿ ಕಡಿಮೆಯಿಲ್ಲ, ರಾತ್ರಿಯಿಡೀ ನೀರಿನ ಟ್ಯಾಂಕಿನ ಮುಚ್ಚಳ ಬಡಿಯುತ್ತದೆ. ಈಗಿನ ಮಕ್ಕಳಿಗೆ ಮೊಬೈಲ್ ಸಾಕು, ಗಾಳಿ ಮಳೆ ಬೇಡ ಎಂದು ಜನ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಗಾಳಿ ಇದೆ. ಮಕ್ಕಳ ಆಸೆಯೂ ಇದೆ, ಬಸ್ಸಿನ ಕಿಟಕಿ ಪಕ್ಕದ ಸೀಟಿಗೆ ಅವು ಜಗಳವಾಡುವುದನ್ನು ನೋಡಿದರೆ ಸಾಕು. ಇಲ್ಲದಿರುವುದು ಗಾಳಿಯೂ ಮಕ್ಕಳೂ ಭೇಟಿಯಾಗುವ ಜಾಗ. ಗಾಳಿಗೆ ಅಡ್ಡ ನಿಂತ ಕಟ್ಟಡ ತನ್ನ ಎತ್ತರದ 10ರಿಂದ 20 ಪಟ್ಟು ದೂರದವರೆಗೆ ಅದನ್ನು ಕಲಕುತ್ತದೆ. 15 ಮೀಟರ್ ಎತ್ತರದ ಅಪಾರ್ಟ್‌ಮೆಂಟ್ ಹಿಂದೆ 150ರಿಂದ 300 ಮೀಟರ್ ತನಕ ಒಡೆದ ಗಾಳಿ, ಸುತ್ತಿಕೊಳ್ಳುವ ಗಾಳಿ. ಅದರಲ್ಲಿ ಪಟ ಏಳುವುದಿಲ್ಲ. ಎರಡು ಮನೆಗಳ ನಡುವೆ ಬಿಟ್ಟ ಉದ್ಯಾನದಲ್ಲಿ ಬೆಂಚು ಹಾಕಬಹುದು, ಜಾರುಬಂಡಿ ಹಾಕಬಹುದು, ಮಕ್ಕಳಿಗೆ ಗಾಳಿ ಕೊಡಲಾಗುವುದಿಲ್ಲ. ಅದಕ್ಕೆ ಏನೂ ಕಟ್ಟದೆ ಬಿಟ್ಟ, ಪಡುವಣಕ್ಕೆ ಮುಖ ಮಾಡಿದ ದೊಡ್ಡ ಬಯಲೇ ಬೇಕು. ನಮ್ಮ ಬಡಾವಣೆಯ ನಕ್ಷೆಗಳಲ್ಲಿ ಅಂಥ ಜಾಗವನ್ನು ಖಾಲಿ ನಿವೇಶನ ಎನ್ನುತ್ತಾರೆ.

ಪಟ ಏರಿಸುವ ಜಾಗ ಮನೆಯ ತಾರಸಿಗೆ ಸರಿದದ್ದರಿಂದ ಇನ್ನೊಂದು ಅಪಾಯವೂ ಬಂತು. ಅಲ್ಲಿಂದ ಪಟಕ್ಕೆ ಪಟ ಸಿಕ್ಕಿಸಿ ಕೊಯ್ಯುವ ಜಿದ್ದಿಗೆ ಗಾಜಿನ ಪುಡಿ ಸವರಿದ ನೈಲಾನ್ ದಾರ ಬಳಸುತ್ತಾರೆ. ಹರಿಯದ, ಕೊಳೆಯದ ಆ ದಾರ ಪಾರಿವಾಳ, ಹದ್ದುಗಳ ರೆಕ್ಕೆ ಕೊಯ್ಯುತ್ತದೆ, ದ್ವಿಚಕ್ರ ವಾಹನ ಸವಾರರ ಕೊರಳು ಕೊಯ್ಯುತ್ತದೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶದಾದ್ಯಂತ ನಿಷೇಧಿಸಿದೆ. ಆದರೂ ಅದರ ಮಾರಾಟ ನಿಂತಿಲ್ಲ. ಮಗುವಿನ ಕೈಗೆ ಆ ದಾರ ಕೊಡುವ ದೊಡ್ಡವರನ್ನು ನಾನು ಕ್ಷಮಿಸಲಾರೆ.

ಊರಿಗೆ ಹೋದಾಗ ಮಗಳಿಗೆ ಗಾಳಿಯ ದಿಕ್ಕು ತೋರಿಸಲು ಈಗ ನನಗೆ ಬೇವಿನ ತುದಿ ಬೇಡ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ನಿಂತಿವೆ. ಗುಡ್ಡದ ಮೈಗೆ ರಸ್ತೆ ಕೊರೆದು ಅವುಗಳನ್ನು ನಿಲ್ಲಿಸಿದ ಬಗ್ಗೆ ನನಗೆ ತಕರಾರಿದೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾದದ್ದು ನನಗೆ ನೆಮ್ಮದಿ ತಂದ ಸುದ್ದಿ. ಆದರೆ ಮಗಳಿಗೆ ಆ ಯಂತ್ರಗಳ ಮೇಲೆ ಪ್ರೀತಿ. ಅವುಗಳ ತಲೆ ಗಾಳಿ ಬಂದ ಕಡೆಗೆ ತಾನೇ ತಿರುಗುತ್ತದೆ ಎಂದು ಒಮ್ಮೆ ಹೇಳಿದ್ದೆ. ಪಂಚಮಿಗೆ ಹೋದಾಗ ಅವೆಲ್ಲ ಪಡುವಣಕ್ಕೆ ಮುಖ ಮಾಡಿದ್ದವು. ಎಳ್ಳಮಾಸಿಗೆ ಹೋದಾಗ ಬಸ್ಸಿನಿಂದಲೇ ಕೂಗಿದಳು, ಎಲ್ಲವೂ ಬೆನ್ನು ತಿರುಗಿಸಿವೆ ಎಂದು. ಮುಂಗಾರು ಹೋಗಿ ಮೂಡಗಾಳಿ ಬಂದದ್ದನ್ನು ಅವಳು ಯಾರ ಸಹಾಯವೂ ಇಲ್ಲದೆ ಓದಿದ್ದಳು. ಬಯಲು ಇದ್ದರೆ, ತಲೆ ಎತ್ತಿ ನೋಡುವಷ್ಟು ಆಕಾಶ ಇದ್ದರೆ, ಮಕ್ಕಳು ಯಾವ ಕಾಲದ ಸಾಧನದಿಂದಲಾದರೂ ಗಾಳಿಯನ್ನು ಓದಿಕೊಳ್ಳುತ್ತಾರೆ.

ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಯ ನಂತರದ ಭಾನುವಾರ ನಾವು ಕೆಲವು ಮನೆಯವರು ಸೇರಿ ಹುಬ್ಬಳ್ಳಿ ಹೊರಗೆ, ಗದಗ ರಸ್ತೆಯ ಕಡೆ ಇನ್ನೂ ಮನೆಗಳು ಏಳದ ಒಂದು ಬಯಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಮೂರು ಗಂಟೆಗೆ ಹೊರಟರೆ ಸಂಜೆಯವರೆಗೆ ಗಾಳಿ ಸಿಗುತ್ತದೆ. ಪತ್ರಿಕೆ, ಕಸಬರಿಗೆ ಕಡ್ಡಿ, ಹತ್ತಿಯ ನೂಲು ನಮ್ಮಲ್ಲಿವೆ, ಅಂಟಿಗೆ ಅನ್ನ ಮಾಡಿಕೊಂಡು ಬರುತ್ತೇನೆ. ಬರುವವರು ಹಳೆಯ ಹತ್ತಿ ಸೀರೆಯ ಅಂಚು ತನ್ನಿ, ಬಾಲಂಗೋಚಿಗೆ ಎಷ್ಟಿದ್ದರೂ ಸಾಲುವುದಿಲ್ಲ. ನೈಲಾನ್ ದಾರಕ್ಕೆ ಅಲ್ಲಿ ಜಾಗವಿಲ್ಲ. ಮೊದಲ ಪಾಳಿಯಲ್ಲಿ ದಾರ ಹುಡುಗಿಯರ ಕೈಯಲ್ಲಿರುತ್ತದೆ, ಹುಡುಗರು ಉಂಡೆ ಹಿಡಿಯುತ್ತಾರೆ.